ಹೇಳಿದ್ದು ಮಾತ್ರ

ಶಿಡ್ಲಘಟ್ಟದ ಸರ್ಕಾರಿ ಹೈಸ್ಕೂಲು, ಕೊನೆಯ ಕೋಣೆ.
ಎರಡೇ ಬೆಂಚು, ಐದು ನಿಮಿಷ ಮುಂದಿರುವ ಗಡಿಯಾರ,
ಕಾವಲಿಗೆ ಡ್ರಿಲ್ ಮೇಷ್ಟರು.
ಚಲಪತಿ ಹತ್ತನೇ ಕ್ಲಾಸು, ನಾನು ಒಂಬತ್ತು.
ಅವನ ಬಾಯಿ, ನನ್ನ ಕೈ.
ಹಾಲ್ ಟಿಕೆಟ್ಟಿನ ಫೋಟೋ ಅವನದು.

ಪಂಕಜಾಕ್ಷಿ ಮೇಡಂ ಗುರುವಾರ ಗುರುವಾರ ಬರುತ್ತಿದ್ದರು
ಬ್ಲಾಕ್ ಆಫೀಸಿನಿಂದ, ಡಿಕ್ಕಿ ಮುಚ್ಚದ ಸ್ಕೂಟಿಯಲ್ಲಿ.
ಅವನ ಪೆನ್ಸಿಲಿಗೆ ಸೈಕಲ್ ಟ್ಯೂಬು ಸುತ್ತಿ ನೋಡಿದರು,
ಡೆಸ್ಕಿಗೆ ಇಳಿಜಾರು ಹಲಗೆ ಮಾಡಿಸಿದರು.
ಒಂದು ಸಾಲು ಬರೆಯುವಷ್ಟರಲ್ಲಿ ಬೆಲ್ಲು.
ಆಮೇಲೆ ನನ್ನನ್ನು ಕರೆದರು:
ನಗೀನಾ, ನಿನ್ನ ಅಕ್ಷರ ಚೆನ್ನಾಗಿದೆ.
ಅವನು ಹೇಳಿದ್ದನ್ನ ಬರಿ. ಹೇಳದ್ದನ್ನ ಬರೀಬೇಡ.
ಗೊತ್ತಿದ್ದರೂ.

ಸುಲಭ ಅಂದುಕೊಂಡೆ.

ಮೊದಲ ವಾರ ಅವನ ಮಾತನ್ನು ನಾನೇ ಮುಗಿಸುತ್ತಿದ್ದೆ.
'ವಿ' ಅನ್ನುವಷ್ಟರಲ್ಲಿ ವಿದ್ಯುತ್ ಅಂತ ಬರೆದಾಗಿತ್ತು.
ಅವನಿಗೆ ಬೇಕಿದ್ದದ್ದು ವಿಕಿರಣ.
ಮೊಣಕೈಯಿಂದ ಡೆಸ್ಕು ಗುದ್ದಿದ, ಇಂಕು ಚೆಲ್ಲಿತು.

ಅವತ್ತು ಸಂಜೆ ಅಬ್ಬಾ ಪಕ್ಕ ಕೂತೆ.
ಬಾಂಡ್ಲಿಯ ಬಿಸಿನೀರಲ್ಲಿ ಗೂಡುಗಳು ಕುಣಿಯುತ್ತಿದ್ದವು.
ಆ ಹುಳದ ವಾಸನೆ ನನ್ನ ಯೂನಿಫಾರ್ಮಿಗೂ ಅಂಟಿದೆ,
ಹುಡುಗಿಯರು ಮೂಗು ಮುಚ್ಚುತ್ತಾರೆ.
ಚಲಪತಿ ಮುಚ್ಚಲಿಲ್ಲ, ಅವರಮ್ಮನದೂ ಇದೇ ಕೆಲಸ.
ಅಬ್ಬಾ ಎಳೆಯ ತುದಿ ಹುಡುಕುತ್ತಿದ್ದರು.
ಸಿಗೋವರೆಗೂ ಹುಡುಕುತ್ತಾರೆ.
ಜಗ್ಗಿದರೆ ತುಂಡು, ಗಂಟು ಬಿದ್ದರೆ ರೇಟು ಬೀಳುತ್ತೆ.
ಅವರೇನೂ ಹೇಳಲಿಲ್ಲ. ನಾನೂ ಕೇಳಲಿಲ್ಲ.

ಅವರ ಮನೇಲಿ ತೆಲುಗು, ನಮ್ಮ ಮನೇಲಿ ಉರ್ದು,
ನಡುವೆ ಪರೀಕ್ಷೆಯ ಕನ್ನಡ,
ಇಬ್ಬರಿಗೂ ಇಸ್ತ್ರಿ ಮಾಡಿಟ್ಟ ಅಂಗಿ.
'ಳ' ಬಂದಾಗ ಅವನ ಕತ್ತು ಎಡಕ್ಕೆ ವಾಲುತ್ತೆ,
'ಕ್ಷ'ಕ್ಕೆ ಬಲಗೈ ತಾನಾಗಿ ಮೇಲೇಳುತ್ತೆ.
ಈಗ ಅವನ ಕತ್ತು ನೋಡಿಯೇ ಬರೆಯಬಲ್ಲೆ
ಯಾವುದು ಹಳ್ಳಿ, ಯಾವುದು ಹಲ್ಲಿ.

ಗಣಿತದ ದಿನ, ಎರಡು ಅಂಕದ ಲೆಕ್ಕ.
ಅವನು ಹೇಳಿದ: ಮೈನಸ್ ಏಳು.
ಪ್ಲಸ್. ಅವನ ಜೊತೆ ಓದಿ ಓದಿ ನನಗೆ ಗೊತ್ತು, ಪ್ಲಸ್.
ಪೆನ್ನು ನಿಂತಿತು.
ಅವನು ನನ್ನ ಮುಖ ನೋಡಿದ.
ನಿಂತದ್ದೇ ಸುಳಿವಾಗಿಬಿಡುತ್ತಲ್ಲ ಅಂತ ಹೆದರಿ
ಬೇಗ ಬೇಗ ಬರೆದೆ: ಮೈನಸ್ ಏಳು.
ಕಳ್ಳಿಯ ಹಾಗೆ ಬೆವತೆ,
ಕದಿಯದೇ ಇದ್ದದ್ದಕ್ಕೆ.

ಕನ್ನಡದ ದಿನ ಪ್ರಬಂಧ: ಗ್ರಂಥಾಲಯದ ಮಹತ್ವ.
ಗೈಡಿನ ಸಾಲು ಇಬ್ಬರಿಗೂ ಬಾಯಿಪಾಠ,
ಜ್ಞಾನದ ದೇಗುಲ, ದಾರಿದೀಪ, ಇನ್ನೂ ಏನೇನೋ.
ಪೀಠಿಕೆ, ಅಂದ. ಬರೆದು ಅಡಿಗೆರೆ ಎಳೆದೆ.
ಅವನು ಕಿಟಕಿಯ ಕಡೆ ನೋಡುತ್ತ ಕೂತ.
ಉಳಿದ ಕೋಣೆಗಳ ಬೆಲ್ಲಾಯಿತು,
ಹುಡುಗರು ಕೂಗುತ್ತ ಗೇಟಿಗೆ ಓಡಿದರು.
ನಮಗೆ ಒಂದು ಗಂಟೆ ಹೆಚ್ಚು.
ಡ್ರಿಲ್ ಮೇಷ್ಟರು ಫ್ಯಾನ್ ಆರಿಸಿ, ಆಯ್ತೇನಪ್ಪಾ, ಅಂದರು.
ನಮ್ಮನ್ನು ನೋಡಿ ಮತ್ತೆ ಹಾಕಿದರು.

"ನಮ್ಮೂರ ಲೈಬ್ರರಿಗೆ ಹನ್ನೊಂದು ಮೆಟ್ಟಿಲು."
ಬರೆದೆ.
"ನಾನು ಒಳಗೆ ಹೋಗಿಲ್ಲ."
ಬರೆದೆ.
"ಕೆಳಗೆ ಕಟ್ಟೆ ಮೇಲೆ ಕೂರಿಸಿ ಅಮ್ಮ ಗೂಡಿನ ಮಾರ್ಕೆಟ್ಟಿಗೆ ಹೋಗ್ತಾಳೆ.
ಪೇಪರ್ ಓದಿದವರು ಇಳೀತಾ ಸುದ್ದಿ ಮಾತಾಡ್ತಾರೆ.
ಅರ್ಧರ್ಧ ಕೇಳುತ್ತೆ.
ಮಿಕ್ಕಿದ್ದು ನಾನು ಮಾಡ್ಕೊಳ್ತೀನಿ."

ಮಾತಾಡ್ತಾರೆ ಅಂತಲೇ ಬರೆಯಲಾ,
ಮಾತನಾಡುತ್ತಾರೆ ಅಂತಲಾ?
ಮೇಡಂ ಇದನ್ನು ಹೇಳಿಕೊಟ್ಟಿರಲಿಲ್ಲ.
ಅವನನ್ನೇ ಕೇಳಿದೆ. ಮೇಷ್ಟರು ತಲೆಯೆತ್ತಿದರು.
ಅವನು ನಕ್ಕ.
ನಕ್ಕರೆ ಅವನಿಗೆ ಉಸಿರು ಸಿಕ್ಕಿಕೊಳ್ಳುತ್ತೆ, ಅದಕ್ಕೂ ಟೈಮು ಬೇಕು.
ಆಮೇಲೆ ಅಂದ: ಹಾಗೇ.

ಉಪಸಂಹಾರಕ್ಕೆ ಹತ್ತು ನಿಮಿಷವಿತ್ತು,
ಆ ಗಡಿಯಾರದ ಪ್ರಕಾರ ಐದು.
ಮೇಷ್ಟರು ದಾರ ಹಿಡಿದು ನಿಂತಿದ್ದರು.
ಹೇಳು, ಅಂದೆ.
ಮುಗಿದಿಲ್ಲವಲ್ಲ, ಅಂದ.
ನನಗೆ ಹೇಳಿದ್ದೋ, ಬರೆಯಲು ಹೇಳಿದ್ದೋ.

ಬರೆದೆ.